ಜಡೆಯ ರೈತನಿಗೆ ರಾಜ್ಯಾಂಗ ಬಂದ ದಾರಿ

ಸೊರಬ ತಾಲ್ಲೂಕಿನ ಜಡೆಯವರು ಬನವಾಸಿಯ ತೇರಿಗೆ ಹೋಗಿಬರುವುದು ದೊಡ್ಡ ಪ್ರಯಾಣವೇನೂ ಅಲ್ಲ. ಜಡೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು, ಬನವಾಸಿ ಉತ್ತರ ಕನ್ನಡಕ್ಕೆ ಸೇರಿದ್ದು. ನಡುವೆ ಇರುವುದು ಬರಿಯ ಜಿಲ್ಲೆಯ ಗಡಿ. ಆದರೆ 1946ರಲ್ಲಿ ಇದೇ ಗಡಿ ಎರಡು ಸರ್ಕಾರಗಳ ಗಡಿಯಾಗಿತ್ತು. ಜಡೆ ಮೈಸೂರು ಮಹಾರಾಜರ ಸಂಸ್ಥಾನಕ್ಕೆ ಸೇರಿತ್ತು. ಬನವಾಸಿ ಬ್ರಿಟಿಷರ ಆಡಳಿತದ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಎರಡೂ ಕಡೆ ಆಡುವ ಮಾತು ಒಂದೇ, ಗದ್ದೆ ತೋಟಗಳ ಬೇಸಾಯವೂ ಒಂದೇ. ಕಂದಾಯ ಸಲ್ಲಬೇಕಾದ ಬೊಕ್ಕಸ ಮಾತ್ರ ಬೇರೆ ಬೇರೆ.

ಆ ವರ್ಷದ ಡಿಸೆಂಬರ್ 9ರಂದು ದೆಹಲಿಯಲ್ಲಿ ಭಾರತದ ರಾಜ್ಯಾಂಗ ರಚನಾ ಸಭೆ ಮೊದಲ ಬಾರಿಗೆ ಸೇರಿತು. ಈಗ ನಿಮ್ಮನ್ನು ಒಂದು ಪ್ರಶ್ನೆ ಕೇಳಬಹುದೆ? ಈ ಸಭೆಗೆ ಸದಸ್ಯರನ್ನು ಓಟು ಹಾಕಿ ಕಳುಹಿಸಿದವನು ಜಡೆಯ ರೈತನೋ, ಬನವಾಸಿಯ ರೈತನೋ? ಉತ್ತರ ಸ್ವಲ್ಪ ಕಸಿವಿಸಿಯನ್ನು ಉಂಟುಮಾಡುವಂಥದು: ಇಬ್ಬರೂ ಅಲ್ಲ. ಹಾಗಾದರೆ ಅವರು ಬರೆದುದು ನಮ್ಮ ರಾಜ್ಯಾಂಗವಾದುದು ಹೇಗೆ? ಇದನ್ನು ತಿಳಿಯಬೇಕಾದರೆ ಆ ಸಭೆ ಹುಟ್ಟಿದ ಬಗೆಯನ್ನು ನೋಡಬೇಕು.

ಮೊದಲು ಬನವಾಸಿಯ ದಾರಿಯನ್ನು ಹಿಡಿಯೋಣ. ಬ್ರಿಟಿಷ್ ಸರ್ಕಾರ 1946ರಲ್ಲಿ ಕಳುಹಿಸಿದ ಮಂತ್ರಿಗಳ ನಿಯೋಗ ಒಂದು ಯೋಜನೆಯನ್ನು ಮುಂದಿಟ್ಟಿತು. ಸುಮಾರು 10 ಲಕ್ಷ ಜನರಿಗೆ ಒಂದು ಸ್ಥಾನದಂತೆ ಒಟ್ಟು 389 ಸ್ಥಾನಗಳು. ಅವುಗಳಲ್ಲಿ 93 ಸಂಸ್ಥಾನಗಳಿಗೆ, ಉಳಿದವು ಬ್ರಿಟಿಷ್ ಆಡಳಿತದ ಭಾಗಗಳಿಗೆ. ಪ್ರಾಂತಗಳಲ್ಲಿ ಜನರು ನೇರವಾಗಿ ಓಟು ಹಾಕಲಿಲ್ಲ. ಆಗತಾನೆ ಚುನಾಯಿತರಾಗಿದ್ದ ಪ್ರಾಂತೀಯ ಶಾಸನಸಭೆಗಳ ಸದಸ್ಯರೇ ಓಟುದಾರರಾದರು. ಮುಂಬಯಿ ಪ್ರಾಂತಕ್ಕೆ ಬಂದ ಸ್ಥಾನಗಳು 21. ಅವುಗಳಲ್ಲಿ 19 ಸಾಮಾನ್ಯ ಸ್ಥಾನಗಳು, 2 ಮುಸ್ಲಿಮರ ಸ್ಥಾನಗಳು. ಆಯಾ ವರ್ಗದ ಶಾಸಕರು ತಮ್ಮ ತಮ್ಮವರನ್ನು ಆರಿಸಬೇಕಾಗಿತ್ತು.

ಆರಿಸುವ ಕ್ರಮವೂ ನಾವು ಇಂದು ಕಾಣುವಂಥದಲ್ಲ. ಶಾಸಕನು ಒಬ್ಬನ ಹೆಸರಿಗೆ ಗುರುತು ಹಾಕಿ ಸುಮ್ಮನಾಗುವಂತಿರಲಿಲ್ಲ. ತನಗೆ ಎಲ್ಲರಿಗಿಂತ ಮೆಚ್ಚಾದವನ ಮುಂದೆ 1, ಅನಂತರದವನ ಮುಂದೆ 2, ಹೀಗೆ ಅಂಕೆಗಳನ್ನು ಬರೆಯುತ್ತಿದ್ದ. ಮೊದಲನೆಯವನಿಗೆ ಗೆಲ್ಲಲು ಬೇಕಾದಷ್ಟು ಓಟು ಆಗಲೇ ಬಂದಿದ್ದರೆ, ಅಥವಾ ಅವನು ತೀರ ಹಿಂದೆ ಬಿದ್ದು ಕಣದಿಂದ ಹೊರಗಾದರೆ, ಆ ಓಟು ಎರಡನೆಯವನಿಗೆ ಸಲ್ಲುತ್ತಿತ್ತು. ಇದರಿಂದ ದೊಡ್ಡ ಪಕ್ಷವೇ ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳಲಾಗದೆ, ಸಣ್ಣ ಗುಂಪಿನವರಿಗೂ ತಮ್ಮವನೊಬ್ಬನನ್ನು ಕಳುಹಿಸಲು ಎಡೆ ದೊರೆಯುತ್ತಿತ್ತು. ಮುಂಬಯಿ ಪ್ರಾಂತದಿಂದ ಸಭೆಗೆ ಹೋದ ಕನ್ನಡಿಗರಲ್ಲಿ ಆರ್. ಆರ್. ದಿವಾಕರರೂ ಎಸ್. ನಿಜಲಿಂಗಪ್ಪನವರೂ ಇದ್ದರು.

ಈಗ ಜಡೆಯ ದಾರಿ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು. ಆದರೆ ಕೊನೆಯ ಮಾತು ಅರಮನೆಯದೇ. ದೆಹಲಿಯ ಸಭೆಯಲ್ಲಿ ಮೈಸೂರಿಗೆ 7 ಸ್ಥಾನಗಳು ದೊರೆತವು. ಸಂಸ್ಥಾನಗಳ ಪ್ರತಿನಿಧಿಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಮಂದಿಯಾದರೂ ಚುನಾಯಿತರಾಗಿರಬೇಕೆಂದು ಒಪ್ಪಂದವಾಗಿತ್ತು. ಉಳಿದವರನ್ನು ಅರಸರು ನೇಮಿಸಬಹುದಾಗಿತ್ತು. ಮೈಸೂರಿನಿಂದ ಸಭೆಯಲ್ಲಿ ಕುಳಿತವರಲ್ಲಿ ಕೆ. ಚೆಂಗಲರಾಯ ರೆಡ್ಡಿ, ಟಿ. ಸಿದ್ಧಲಿಂಗಯ್ಯ, ಕೆಂಗಲ್ ಹನುಮಂತಯ್ಯ, ಎಸ್. ವಿ. ಕೃಷ್ಣಮೂರ್ತಿ ರಾವ್ ಮೊದಲಾದವರಿದ್ದರು. ಕೃಷ್ಣಮೂರ್ತಿ ರಾಯರು 1962ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿ ಬಂದು ಅದರ ಉಪಸಭಾಧ್ಯಕ್ಷರಾದರು.

ಎರಡು ದಾರಿಗಳೂ ಹೀಗೆ ಒಂದೇ ಕಡೆ ಬಂದು ನಿಲ್ಲುತ್ತವೆ. ಪ್ರಾಂತದಲ್ಲಾಗಲಿ ಸಂಸ್ಥಾನದಲ್ಲಾಗಲಿ ಓಟಿನ ಹಕ್ಕು ಇದ್ದುದು ಆಸ್ತಿ, ಕಂದಾಯ, ಓದು ಇಂಥ ಅರ್ಹತೆಗಳುಳ್ಳ ಕೆಲವರಿಗೆ ಮಾತ್ರ. ಗೇಣಿದಾರ, ಕೂಲಿಯಾಳು, ಹೆಚ್ಚಿನ ಹೆಂಗಸರು ಇವರೆಲ್ಲ ಹೊರಗೇ ಉಳಿದರು. ಜಡೆಗೆ ನೆರೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಈಸೂರು ಎಂಬ ಹಳ್ಳಿ ಇದೆ. 1942ರಲ್ಲಿ ಆ ಊರಿನ ಜನ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಅದರ ಬೆಲೆಯಾಗಿ 1943ರ ಮಾರ್ಚ್ ತಿಂಗಳಲ್ಲಿ ಐವರು ಗಲ್ಲಿಗೇರಬೇಕಾಯಿತು. ಸ್ವರಾಜ್ಯಕ್ಕಾಗಿ ಇಂಥ ಬೆಲೆ ತೆತ್ತ ಹಳ್ಳಿಯ ಹೆಚ್ಚಿನ ಜನರಿಗೂ ಸ್ವರಾಜ್ಯದ ಕಟ್ಟಳೆ ಬರೆಯುವವರನ್ನು ಆರಿಸುವ ಹಕ್ಕು ಇರಲಿಲ್ಲ. ಇದು ಆ ಸಭೆಯ ಮೇಲೆ ಹೊರಿಸಬಹುದಾದ ಸಣ್ಣ ಆಕ್ಷೇಪಣೆಯಲ್ಲ.

ಎಲ್ಲರಿಗೂ ಓಟು ಕೊಟ್ಟೇ ಸಭೆಯನ್ನು ಆರಿಸಬಹುದಾಗಿತ್ತಲ್ಲ, ಎಂದು ನೀವು ಕೇಳುವಿರಿ. ಕಾಂಗ್ರೆಸ್ಸು ಹಿಂದಿನಿಂದ ಕೇಳುತ್ತ ಬಂದುದೂ ಅದನ್ನೇ. ಆದರೆ ಕೋಟಿಗಟ್ಟಲೆ ಹೆಸರುಗಳ ಪಟ್ಟಿ ಮಾಡಿ, ಊರೂರಿಗೂ ಪೆಟ್ಟಿಗೆ ಕಳುಹಿಸಿ ಚುನಾವಣೆ ನಡೆಸುವುದಕ್ಕೆ ಬಹಳ ಕಾಲ ಹಿಡಿಯುತ್ತದೆ, ಅಷ್ಟು ತಡಮಾಡುವಂತಿಲ್ಲ ಎಂದು ನಿಯೋಗ ಹೇಳಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಕುಳಿತರಾದೀತೆ ಎಂಬ ವಾದ ಅದು. ಬೆಂಕಿಯೇನೋ ನಿಜವಾಗಿಯೂ ಬಿದ್ದಿತ್ತು. ಮುಸ್ಲಿಂ ಲೀಗಿನ ಸದಸ್ಯರು ಸಭೆಗೆ ಬರಲಿಲ್ಲ. 1947ರ ಜೂನ್ 3ರಂದು ದೇಶದ ವಿಭಜನೆಯ ಯೋಜನೆ ಹೊರಬಿತ್ತು.

ನೆಲ ಒಡೆದಾಗ ಸಭೆಯೂ ಒಡೆಯಿತು. ಪಾಕಿಸ್ತಾನಕ್ಕೆ ಸೇರಿದ ಭಾಗಗಳ ಪ್ರತಿನಿಧಿಗಳಿಗೆ ಬೇರೆ ಸಭೆಯಾಯಿತು. ಇಬ್ಭಾಗವಾದ ಬಂಗಾಳ, ಪಂಜಾಬುಗಳಲ್ಲಿ ಹೊಸದಾಗಿ ಆಯ್ಕೆ ನಡೆಯಿತು. ಭಾರತದ ಸಭೆ 299 ಸ್ಥಾನಗಳಿಗೆ ಇಳಿಯಿತು. 1946ರಲ್ಲಿ ಡಾಕ್ಟರ್ ಅಂಬೇಡ್ಕರರು ಬಂಗಾಳದಿಂದ ಆರಿಸಿ ಬಂದಿದ್ದರು. ವಿಭಜನೆಯಿಂದ ಅವರ ಸ್ಥಾನ ಹೋಯಿತು. 1947ರ ಜುಲೈಯಲ್ಲಿ ಅವರು ಮತ್ತೆ ಬಂದುದು ಮುಂಬಯಿ ಪ್ರಾಂತದಿಂದ, ಎಂದರೆ ಬನವಾಸಿಯ ರೈತನ ಪ್ರಾಂತದಿಂದಲೇ. ಆಗಸ್ಟ್ 29ರಂದು ಕರಡು ಸಮಿತಿ ನೇಮಕವಾಯಿತು. ಅವರು ಅದರ ಅಧ್ಯಕ್ಷರಾದರು.

ಜಡೆಯ ರೈತನ ಕಥೆ ಇಲ್ಲಿ ಇನ್ನೊಂದು ತಿರುವು ಪಡೆಯುತ್ತದೆ. ಸ್ವಾತಂತ್ರ್ಯ ಬಂದಾಗ ಮೈಸೂರು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಈ ಮೂರು ವಿಷಯಗಳಲ್ಲಿ ಮಾತ್ರ ಭಾರತದೊಡನೆ ಕೂಡಿಕೊಂಡಿತ್ತು. ಸಂಸ್ಥಾನದೊಳಗೆ ಜವಾಬ್ದಾರಿ ಸರ್ಕಾರ ಬೇಕೆಂದು 1947ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ಅಕ್ಟೋಬರಿನಲ್ಲಿ ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಬಂದಿತು. ಮೈಸೂರಿಗೆಂದೇ ಬೇರೊಂದು ರಾಜ್ಯಾಂಗ ರಚನಾ ಸಭೆಯೂ ಏರ್ಪಟ್ಟಿತು. ಬನವಾಸಿಗೆ ಒಂದೇ ಸಭೆ, ಜಡೆಗೆ ಎರಡು! ಆದರೆ ಮೈಸೂರು ಪ್ರತ್ಯೇಕ ಕಟ್ಟಳೆಯ ದಾರಿಯನ್ನು ಕೊನೆಗೆ ಹಿಡಿಯಲಿಲ್ಲ. 1949ರ ನವೆಂಬರ್ 25ರಂದು ಜಯಚಾಮರಾಜ ಒಡೆಯರು ಭಾರತದ ರಾಜ್ಯಾಂಗವೇ ಮೈಸೂರಿನ ರಾಜ್ಯಾಂಗವೆಂದು ಸಾರಿದರು. ಮರುದಿನ, ನವೆಂಬರ್ 26ರಂದು, ದೆಹಲಿಯ ಸಭೆ ಅದನ್ನು ಅಂಗೀಕರಿಸಿತು. ಹೈದರಾಬಾದು ಸಂಸ್ಥಾನದಿಂದ ಆ ಸಭೆಗೆ ಪ್ರತಿನಿಧಿಗಳು ಹೋಗಲೇ ಇಲ್ಲ. ಆದುದರಿಂದ ಬೀದರ, ಗುಲಬರ್ಗ, ರಾಯಚೂರುಗಳ ಕನ್ನಡಿಗರಿಗೆ ಜಡೆಯವನಷ್ಟು ಪಾಲೂ ದೊರೆಯಲಿಲ್ಲ.

ಇಷ್ಟೆಲ್ಲ ಕುಂದುಗಳಿದ್ದೂ ಆ ಸಭೆ ಮಾಡಿದ ಒಂದು ಕೆಲಸವನ್ನು ನೀವು ಗಮನಿಸಬೇಕು. ಕೆಲವರ ಓಟಿನಿಂದ ಬಂದವರು ತಮ್ಮಂಥ ಕೆಲವರಿಗೇ ಅಧಿಕಾರವನ್ನು ಭದ್ರಪಡಿಸಿಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಆಸ್ತಿ, ಓದು, ಜಾತಿ, ಮತ, ಹೆಣ್ಣು, ಗಂಡು ಎಂಬ ಭೇದವಿಲ್ಲದೆ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಓಟಿನ ಹಕ್ಕನ್ನು 326ನೆಯ ವಿಧಿಯಲ್ಲಿ ಬರೆದರು. 1989ರಲ್ಲಿ ಆ ವಯಸ್ಸು 18ಕ್ಕೆ ಇಳಿಯಿತು. ತಮಗೆ ಓಟು ಹಾಕದಿದ್ದವರ ಕೈಗೇ ತಮ್ಮನ್ನು ಮನೆಗೆ ಕಳುಹಿಸುವ ಅಧಿಕಾರವನ್ನು ಕೊಟ್ಟುದು ಅವರ ಹಿರಿಮೆ. ಇಂಥದೇ ಪರೋಕ್ಷ ಆಯ್ಕೆಯಿಂದ ಹುಟ್ಟಿದ ಪಾಕಿಸ್ತಾನದ ಸಭೆ 1954ರಲ್ಲಿ ವಿಸರ್ಜಿತವಾಯಿತು. ಬೇರೊಂದು ಸಭೆ ಮಾಡಿದ 1956ರ ರಾಜ್ಯಾಂಗ ಎರಡೇ ವರ್ಷಗಳಲ್ಲಿ ರದ್ದಾಯಿತು. ಅಲ್ಲಿ ವಯಸ್ಕರೆಲ್ಲರ ಓಟಿನ ಮೊದಲ ಸಾರ್ವತ್ರಿಕ ಚುನಾವಣೆ ನಡೆದುದು 1970ರಲ್ಲಿ. ಆದುದರಿಂದ ಸಭೆ ಹುಟ್ಟಿದ ರೀತಿಯಷ್ಟೇ, ಅದು ಜನರ ಕೈಗೆ ಅಧಿಕಾರವನ್ನು ಒಪ್ಪಿಸಿದ ರೀತಿಯೂ ಮುಖ್ಯ.

ಒಪ್ಪಿಸುವ ಕೆಲಸವೂ ಸುಲಭವಾಗಿರಲಿಲ್ಲ. ಪಟ್ಟಿ ಮಾಡಲು ಹೋದವರಿಗೆ ಅನೇಕ ಹೆಂಗಸರು, ವಿಶೇಷವಾಗಿ ಉತ್ತರದ ಪ್ರದೇಶಗಳಲ್ಲಿ, ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಹೇಳಿದರು. ಸ್ವಂತ ಹೆಸರಿಲ್ಲದೆ ಓಟಿಲ್ಲವೆಂದು ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಬಿಡಬೇಕಾಯಿತು. ಆದರೂ 1951-52ರ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಮಿಕ್ಕಿದ ಹೆಸರುಗಳಿದ್ದವು. ಆ ಚುನಾವಣೆಯಲ್ಲಿ ಸೊರಬಕ್ಕೆ ನೆರೆಯ ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದವರು, ಕಾಗೋಡಿನ ಗೇಣಿದಾರರ ಹೋರಾಟದಲ್ಲಿ ಸೆರೆಗೆ ಹೋಗಿಬಂದಿದ್ದ ಶಾಂತವೇರಿ ಗೋಪಾಲಗೌಡರು. ಭೂಮಿಯ ಒಡೆಯನ ಓಟಿಗೂ ಗೇಣಿದಾರನ ಓಟಿಗೂ ಆಗ ಒಂದೇ ತೂಕ.

1956ರ ನವೆಂಬರ್ 1ರಂದು ಜಡೆ, ಬನವಾಸಿಗಳ ನಡುವಣ ಸರ್ಕಾರದ ಗಡಿಯೂ ಅಳಿಯಿತು. ಮುಂದಿನ ಚುನಾವಣೆಯ ದಿನ ನೀವು ಮತಗಟ್ಟೆಯ ಮುಂದೆ ಸಾಲಿನಲ್ಲಿ ನಿಂತಾಗ, ಈ ಸಾಲಿಗೆ ಸೇರುವ ಹಕ್ಕಿಲ್ಲದೆ ಹೊರಗೆ ನಿಂತಿದ್ದ ಆ ಇಬ್ಬರು ರೈತರನ್ನು ಒಮ್ಮೆ ನೆನೆಯಿರಿ. ಅವರಿಗೆ ತಡವಾಗಿ ಬಂದುದು ನಿಮಗೆ ಹುಟ್ಟಿನಿಂದಲೇ ಬಂದಿದೆ.