ಹೋಬಳಿಯ ಅಂಗಡಿಯ ಕಿರ್ದಿಯೂ ಜಾಲತಾಣದ ತೆರಿಗೆಯೂ

ಗೊಬ್ಬರ, ಬಿತ್ತನೆಬೀಜ, ಕೀಟನಾಶಕ ಔಷಧಿಗಳನ್ನು ಮಾರುವ ಹೋಬಳಿಯ ಅಂಗಡಿಯು ರೈತರಿಗೆ ಎಷ್ಟು ಅವಶ್ಯಕವೆಂಬುದು ಎಲ್ಲರಿಗೂ ತಿಳಿದ ವಿಷಯವೇ ಆಗಿದೆ. ಬಿತ್ತನೆಯ ಕಾಲದಲ್ಲಿ ಅಂತಹ ಅಂಗಡಿಯ ಬಾಗಿಲು ಮುಚ್ಚಿದರೆ ನಷ್ಟವು ವರ್ತಕನೊಬ್ಬನದೇ ಅಲ್ಲ. ೨೦೧೭ನೆಯ ಇಸವಿ ಜುಲೈ ೧ರಂದು ಸರಕು ಮತ್ತು ಸೇವಾ ತೆರಿಗೆಯು ಜಾರಿಗೆ ಬಂದಂದಿನಿಂದ ನೋಂದಣಿ, ರಿಟರ್ನ್ ಎಂಬ ತಖ್ತೆ, ಪಾವತಿ, ನೋಟೀಸು ಇವೆಲ್ಲವೂ ಜಾಲತಾಣದ ಮೂಲಕವೇ ನಡೆಯುತ್ತಿವೆ. ಆದಕಾರಣ ಸಣ್ಣ ವರ್ತಕರಿಗೆ ಲೆಕ್ಕ ಬರೆದುಕೊಡುವವರ ಹೊಣೆಯು ಹಿಂದಿಗಿಂತ ಹೆಚ್ಚಾಗಿದೆ.

ರೈತನು ತನ್ನ ಭೂಮಿಯಲ್ಲಿ ಬೆಳೆದ ಫಸಲನ್ನು ಮಾರುವುದಕ್ಕೆ ನೋಂದಣಿಯ ಅಗತ್ಯವಿಲ್ಲ. ಸರಕುಗಳ ವ್ಯಾಪಾರಿಗಾದರೋ ಕರ್ನಾಟಕದಲ್ಲಿ ವಾರ್ಷಿಕ ವಹಿವಾಟು ೪೦ ಲಕ್ಷ ರೂಪಾಯಿಗಳನ್ನು ಮೀರಿದರೆ ಸಾಮಾನ್ಯವಾಗಿ ನೋಂದಣಿಯು ಕಡ್ಡಾಯ. ಬಿತ್ತನೆಬೀಜಕ್ಕೂ ಗುದ್ದಲಿ, ಕುಡುಗೋಲು ಮುಂತಾದ ಕೈ ಉಪಕರಣಗಳಿಗೂ ತೆರಿಗೆಯಿಲ್ಲ. ರಾಸಾಯನಿಕ ಗೊಬ್ಬರಕ್ಕೆ ನೂರಕ್ಕೆ ೫, ರಾಸಾಯನಿಕ ಕೀಟನಾಶಕಕ್ಕೆ ನೂರಕ್ಕೆ ೧೮ರಂತೆ ತೆರಿಗೆಯುಂಟು. ಆದರೆ ಗೊಬ್ಬರವನ್ನೂ ಮಾರುವ ಅಂಗಡಿಯಲ್ಲಿ ತೆರಿಗೆಯಿಲ್ಲದ ಬೀಜದ ಮಾರಾಟವೂ ಆ ೪೦ ಲಕ್ಷದ ಎಣಿಕೆಗೆ ಸೇರುವುದೆಂಬುದನ್ನು ಅನೇಕರು ಅರಿಯರು.

ಮೂರು ತಿಂಗಳ ಬಿಲ್ಲುಗಳನ್ನು ಚೀಲದಲ್ಲಿ ತುಂಬಿ ಕಡೆಯ ದಿನ ಲೆಕ್ಕಿಗರ ಮುಂದೆ ಸುರಿಯುವ ಪದ್ಧತಿಯಿಂದ ಆಗುವ ನಷ್ಟಕ್ಕೆ ಒಂದು ಉದಾಹರಣೆ ಸಾಕು. ವರ್ತಕನು ಒಂದು ಲಕ್ಷ ರೂಪಾಯಿನ ಕೀಟನಾಶಕವನ್ನು ಕೊಂಡು, ಅದರ ಮೇಲೆ ೧೮,೦೦೦ ರೂಪಾಯಿ ತೆರಿಗೆಯನ್ನು ತೆತ್ತಿರುವನೆಂದು ಭಾವಿಸಬಹುದು. ಸಗಟು ವ್ಯಾಪಾರಿಯು ಆ ಬಿಲ್ಲನ್ನು ಜಾಲತಾಣಕ್ಕೆ ಏರಿಸದಿದ್ದರೆ, ೨೦೨೨ರ ಜನವರಿ ೧ರಿಂದ ಇರುವ ನಿಯಮದಂತೆ, ಆ ಹಣವನ್ನು ವರ್ತಕನು ತಾನು ಕೊಡಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ತಪ್ಪು ಆಗಲೇ ಕಂಡರೆ ಸಗಟು ವ್ಯಾಪಾರಿಗೆ ಹೇಳಿ ಸರಿಪಡಿಸಬಹುದು. ಆರ್ಥಿಕ ವರ್ಷವು ಮುಗಿದು ಮುಂದಿನ ನವೆಂಬರ್ ೩೦ ಕಳೆದರೆ ಆ ಮೊತ್ತವು ಹೋದಂತೆಯೇ ಸರಿ.

ಆದುದರಿಂದ ಲೆಕ್ಕಿಗರು ಈ ಕೆಳಗಣ ಅಂಶಗಳನ್ನು ವರ್ತಕರಿಗೆ ಅಭ್ಯಾಸ ಮಾಡಿಸತಕ್ಕದ್ದು.

೧. ನೋಂದಣಿಯಲ್ಲಿ ವರ್ತಕನ ಸ್ವಂತ ಮೊಬೈಲ್ ಸಂಖ್ಯೆಯೂ ಇ-ಮೇಲ್ ವಿಳಾಸವೂ ಇರಬೇಕು. ಲೆಕ್ಕಿಗರದೇ ಇದ್ದಲ್ಲಿ, ಅವರು ಬದಲಾದಾಗ ನೋಟೀಸಿನ ಸುದ್ದಿಯು ವರ್ತಕನಿಗೆ ತಲಪುವುದಿಲ್ಲ. ಓ.ಟಿ.ಪಿ.ಯನ್ನು ಅಂಕಿಗಳನ್ನು ನೋಡಿದ ಮೇಲೆಯೇ ಹೇಳುವುದು ಒಳ್ಳೆಯದು.

೨. ಪ್ರತಿದಿನ ಸಂಜೆ ಕಿರ್ದಿಯಲ್ಲಿ ತೆರಿಗೆಯಿಲ್ಲದ ಸರಕು, ೫ರ ಸರಕು, ೧೮ರ ಸರಕು ಎಂದು ಬೇರೆ ಬೇರೆ ಕಲಮುಗಳಲ್ಲಿ ಬರೆಯತಕ್ಕದ್ದು. ೨೦೨೫ರ ಜುಲೈ ತಿಂಗಳಲ್ಲಿ ಕರ್ನಾಟಕದ ಹಲವು ಸಣ್ಣ ವರ್ತಕರಿಗೆ ಯು.ಪಿ.ಐ. ಜಮೆಯ ಆಧಾರದ ಮೇಲೆ ನೋಟೀಸುಗಳು ಬಂದವು. ಬಂದ ಹಣವು ಯಾವ ಸರಕಿನದೆಂಬುದನ್ನು ಆ ಜಮೆಯು ತಿಳಿಸದು, ಕಿರ್ದಿಯೇ ತಿಳಿಸಬೇಕು.

೩. ಉದ್ರಿ ಮಾರಾಟದ ಹಣವು ಸುಗ್ಗಿಯಲ್ಲಿ ಬಂದರೂ ತೆರಿಗೆಯು ಬಿಲ್ಲಿನ ದಿನಾಂಕದಿಂದಲೇ ಲೆಕ್ಕಕ್ಕೆ ಬರುವುದು. ಅದಕ್ಕೆ ಬೇಕಾದ ನಗದನ್ನು ಮೊದಲೇ ತೆಗೆದಿರಿಸಬೇಕು.

೪. ವಹಿವಾಟು ೫ ಕೋಟಿಯವರೆಗೆ ಇರುವವರು ೨೦೨೧ರಿಂದ ಮೂರು ತಿಂಗಳಿಗೊಮ್ಮೆ ತಖ್ತೆ ಸಲ್ಲಿಸುವ ಕ್ರಮವನ್ನು ಆರಿಸಿಕೊಳ್ಳಬಹುದು. ಆದರೆ ಮೊದಲ ಎರಡು ತಿಂಗಳ ತೆರಿಗೆಯನ್ನು ಆಯಾ ಮುಂದಿನ ತಿಂಗಳ ೨೫ರೊಳಗೆ ಕಟ್ಟಬೇಕು. ವ್ಯಾಪಾರವೇ ನಡೆಯದಿದ್ದರೂ ಶೂನ್ಯ ತಖ್ತೆಯನ್ನು ಸಲ್ಲಿಸಲೇಬೇಕು. ಈ ಕ್ರಮದವರು ಸತತವಾಗಿ ಎರಡು ಅವಧಿಗಳ ತಖ್ತೆಗಳನ್ನು ಬಿಟ್ಟರೆ ನೋಂದಣಿಯು ರದ್ದಾಗುವ ಸಂಭವವುಂಟು.

ಇದು ವಯಸ್ಸಾದ ವರ್ತಕರಿಗೆ ಅಸಾಧ್ಯವೆಂದು ತಿಳಿಯಬೇಕಾಗಿಲ್ಲ. ರಿಯಾಯಿತಿ ಗೊಬ್ಬರವನ್ನು ಪಿ.ಓ.ಎಸ್. ಯಂತ್ರದ ಮೂಲಕ ಮಾರುವ ಕ್ರಮವು ೨೦೧೮ರ ವೇಳೆಗೆ ದೇಶದಾದ್ಯಂತ ಬಂದಿತು. ಇಂದು ಹೋಬಳಿಯ ಅಂಗಡಿಯಲ್ಲಿ ಅದು ನಿತ್ಯದ ಕೆಲಸ. ಲೆಕ್ಕಿಗರು ಮೊದಲ ಬಾರಿ ವರ್ತಕನನ್ನಾಗಲಿ ಅವನ ಮನೆಯ ಮಕ್ಕಳನ್ನಾಗಲಿ ಪಕ್ಕದಲ್ಲಿ ಕೂರಿಸಿಕೊಂಡು ತಖ್ತೆಯನ್ನು ತುಂಬಿ ತೋರಿಸಿ, ಮುಂದಿನ ಬಾರಿ ಅವರ ಕೈಯಿಂದಲೇ ತುಂಬಿಸುವುದು ಉತ್ತಮ. ಕಿರ್ದಿಯು ದಿನದಿನವೂ ಸರಿಯಾಗಿದ್ದಲ್ಲಿ ಜಾಲತಾಣದ ಕೆಲಸವು ಅದರ ನಕಲು ಮಾತ್ರ. ಕಿರ್ದಿಯೇ ಇಲ್ಲದಿದ್ದಲ್ಲಿ ಎಂತಹ ಯಂತ್ರವೂ ವರ್ತಕನನ್ನು ಕಾಪಾಡಲಾರದು.