ಗೊತ್ತಿರುವುದನ್ನೇ ಎರಡು ವರ್ಷ ಓದುವುದೇ?

ಎಂ.ಎ.ಗೆ ಸಮಾಜಶಾಸ್ತ್ರ ತೆಗೆದುಕೊಂಡೆ ಎಂದವರ ಕಿವಿಗೆ ಮೊದಲು ಬೀಳುವ ಮಾತು ಇದು: "ಅದರಲ್ಲಿ ಓದೋದೇನಿದೆ? ಜಾತಿ, ಮದುವೆ, ಕುಟುಂಬ, ಹಳ್ಳಿ... ಎಲ್ಲಾ ನಮಗೆ ಗೊತ್ತಿರೋದೇ ತಾನೆ?" ಈ ವಿಷಯದ ಸುತ್ತ ಹಬ್ಬಿರುವ ತಪ್ಪು ಕಲ್ಪನೆಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ, ಏಕೆಂದರೆ ಅರ್ಧ ನಿಜ. ಜಾತಿಯೊಳಗೇ ಹುಟ್ಟಿ ಬೆಳೆದವರಿಗೆ ಜಾತಿ ಗೊತ್ತಿಲ್ಲ ಎನ್ನಲಾದೀತೆ? ಗೊತ್ತಿರುತ್ತದೆ, ತಮ್ಮ ಮನೆಯ ಜಗಲಿಯಿಂದ ಕಂಡಷ್ಟು.

ಮಂಡ್ಯದ ಕಡೆಯದೇ ಒಂದು ಉದಾಹರಣೆ. ನಾಲೆ ನೀರು ಬಂದ ಊರು ಬದಲಾಗುತ್ತದೆ, ನೀರು ಹತ್ತದ ಊರು ಹಿಂದೆ ಬೀಳುತ್ತದೆ ಎಂದು ಯಾರು ಬೇಕಾದರೂ ಹೇಳಿಯಾರು. 1950ರ ದಶಕದ ಮಧ್ಯದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ವಿದ್ವಾಂಸೆ ಆ ಭಾಗದ ಎರಡು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು. ಅವರ ಪುಸ್ತಕದಲ್ಲಿ ಆ ಊರುಗಳ ಹೆಸರು ವಂಗಲ ಮತ್ತು ದಲೇನ. ವಂಗಲದ ಗದ್ದೆಗೆ ನಾಲೆ ನೀರು ಹರಿಯಿತು. ಎತ್ತರದಲ್ಲಿದ್ದ ದಲೇನಕ್ಕೆ ಹತ್ತಲಿಲ್ಲ. ವಂಗಲದವರು ಕಬ್ಬು ಬೆಳೆದರು, ಕೈಯಲ್ಲಿ ದುಡ್ಡು ಆಡಿತು. ಆದರೆ ಎಲ್ಲರೂ ಬೇಸಾಯದಲ್ಲೇ ಉಳಿದದ್ದರಿಂದ ಒಕ್ಕಲುಮನೆಗೂ ತಲೆತಲಾಂತರದಿಂದ ಅದಕ್ಕೆ ದುಡಿಯುತ್ತಿದ್ದ ದಲಿತ ಮನೆಗೂ ಇದ್ದ ಕಟ್ಟುಪಾಡು ಅಷ್ಟೇನೂ ಅಲುಗಲಿಲ್ಲ. ದಲೇನದವರಿಗೆ ಊರಲ್ಲೇ ಕೂತರೆ ನಡೆಯುವಂತಿರಲಿಲ್ಲ. ಸುತ್ತ ಬೆಳೆಯುತ್ತಿದ್ದ ನೀರಾವರಿ ಸೀಮೆಯಲ್ಲಿ ಅವರು ವ್ಯಾಪಾರಕ್ಕಿಳಿದರು, ಮಂಡ್ಯದಲ್ಲಿ ಕೆಲಸ ಹಿಡಿದರು, ಪಕ್ಕದ ಊರುಗಳಲ್ಲಿ ಗದ್ದೆ ಕೊಂಡರು. ಹಳೆಯ ಕಟ್ಟುಪಾಡು ಸಡಿಲಾದದ್ದು ಅಲ್ಲಿ, ಅಂದರೆ ನೀರೇ ಸಿಗದ ಊರಲ್ಲಿ. 1962ರಲ್ಲಿ ಪುಸ್ತಕ ಬಂತು. ಜಗಲಿಯ ಮೇಲೆ ಕೂತು ಇದನ್ನು ಊಹಿಸುವುದು ಕಷ್ಟ. ಎಂ.ಎ. ತರಗತಿ ಇಷ್ಟಕ್ಕೇ ಬಿಡುವುದಿಲ್ಲ: ಎರಡು ಊರು ನೋಡಿ ನಾಡಿಗೆಲ್ಲ ಅನ್ವಯಿಸಬಹುದೇ ಎಂಬ ಮುಂದಿನ ಪ್ರಶ್ನೆಯನ್ನು ವಿದ್ಯಾರ್ಥಿಯೇ ಎತ್ತಬೇಕು.

ಎಲ್ಲಾ ಗೊತ್ತಿರೋದೇ ಎಂಬ ಕಲ್ಪನೆಯ ಇನ್ನೊಂದು ಮುಖ, ತನ್ನದೇ ಸಮಾಜವನ್ನು ಓದುವವನಿಗೆ ಟಿಪ್ಪಣಿ ಬೇಡ, ನೆನಪು ಸಾಕು ಎಂಬ ನಂಬಿಕೆ. ಇದಕ್ಕೆ ಸಾಕ್ಷಿಯಾಗಿ ಎಳೆದು ತರುವುದು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರನ್ನು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರ ಟಿಪ್ಪಣಿಗಳು ಸುಟ್ಟುಹೋದವು, ಅವರು ನೆನಪಿನಿಂದಲೇ ರಾಂಪುರ ಎಂಬ ಹಳ್ಳಿಯ ಬಗ್ಗೆ ಪುಸ್ತಕ ಬರೆದರು, 1976ರಲ್ಲಿ ಅದು ಹೊರಬಂತು: ಇಷ್ಟೂ ನಿಜ. ಕತೆ ಹೇಳುವವರು ಬಿಟ್ಟುಬಿಡುವ ಭಾಗವೇ ಬೇರೆ. ಸುಟ್ಟದ್ದು ವರ್ಷಗಟ್ಟಲೆ ಕೂತು ವಿಂಗಡಿಸಿ ಸಿದ್ಧಪಡಿಸಿದ ಪ್ರತಿಗಳು; ಕ್ಷೇತ್ರದಲ್ಲಿ ಬರೆದ ಮೂಲ ಟಿಪ್ಪಣಿ ದೆಹಲಿಯಲ್ಲಿತ್ತು. ಮೇಲಾಗಿ 1948ರಲ್ಲಿ ಆ ಹಳ್ಳಿಯಲ್ಲೇ ತಿಂಗಳುಗಟ್ಟಲೆ ಇದ್ದು, ದಿನದಿನವೂ ಕೇಳಿ ಬರೆದುಕೊಂಡವರ ನೆನಪು ಅದು. ಬರೆದು ಬರೆದು ಗಟ್ಟಿಯಾದ ನೆನಪಿಗೂ ನಮ್ಮ ಹರಟೆಯ ನೆನಪಿಗೂ ಹೋಲಿಕೆಯೇ?

ಲೆಕ್ಕ ಬಾರದವರಿಗೆ ಸಮಾಜಶಾಸ್ತ್ರ ಸುರಕ್ಷಿತ ಜಾಗ ಎಂದು ಬಂದವರು ಸಂಶೋಧನಾ ವಿಧಾನದ ಪತ್ರಿಕೆಯಲ್ಲಿ ಬೆಚ್ಚುತ್ತಾರೆ. ಪ್ರಶ್ನಾವಳಿ, ಮಾದರಿ ಆಯ್ಕೆ, ಸರಾಸರಿ, ಸಹಸಂಬಂಧ ಎಲ್ಲವೂ ಅಲ್ಲಿವೆ. ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ 1897ರಲ್ಲೇ ಆತ್ಮಹತ್ಯೆಯ ಬಗ್ಗೆ ಬರೆದದ್ದು ಅಂಕಿಅಂಶಗಳನ್ನು ಮುಂದಿಟ್ಟುಕೊಂಡು.

ಸಮಾಜಶಾಸ್ತ್ರ ಓದಿದರೆ ಸಮಾಜಸೇವೆ ಮಾಡಬೇಕು ಎನ್ನುವವರು ಎಂಎಸ್‌ಡಬ್ಲ್ಯು ಜೊತೆ ಗೊಂದಲ ಮಾಡಿಕೊಂಡಿರುತ್ತಾರೆ. ಅದು ಸಮಾಜಕಾರ್ಯ, ಬೇರೆಯೇ ಪದವಿ. ಆಸ್ಪತ್ರೆ, ಕಾರ್ಖಾನೆ, ಸ್ವಯಂಸೇವಾ ಸಂಸ್ಥೆಗಳಲ್ಲಿ ಜನರೊಂದಿಗೆ ಕೆಲಸ ಮಾಡಲು ಅಲ್ಲಿ ತರಬೇತಿ ಕೊಡುತ್ತಾರೆ. ಸೇರುವ ಮುನ್ನ ಇದನ್ನು ತಿಳಿದುಕೊಳ್ಳದೆ ಎರಡನೇ ಸೆಮಿಸ್ಟರ್‌ನಲ್ಲಿ ಪೇಚಾಡುವವರು ಇದ್ದೇ ಇರುತ್ತಾರೆ.

ಇನ್ನು ಕೆಲಸ. "ಮೇಷ್ಟ್ರಾಗಬಹುದು, ಅಷ್ಟೇ" ಎಂಬುದೂ ತಪ್ಪು, "ಎಂ.ಎ. ಮುಗಿದರೆ ಮೇಷ್ಟ್ರ ಕೆಲಸ ಖಚಿತ" ಎಂಬುದು ಇನ್ನೂ ದೊಡ್ಡ ತಪ್ಪು. ಪದವಿಪೂರ್ವ ಕಾಲೇಜಿಗೆ ಬಿ.ಎಡ್. ಬೇಕು, ಪದವಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಅವೆಲ್ಲ ಇದ್ದೂ ಅತಿಥಿ ಉಪನ್ಯಾಸಕರಾಗಿಯೇ ವರ್ಷಗಳನ್ನು ಕಳೆದವರು ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಎಷ್ಟೋ ಮಂದಿ. ಪಾಠದ ಆಚೆಗೂ ಸಮೀಕ್ಷೆ, ಯೋಜನೆಗಳ ಮೌಲ್ಯಮಾಪನ, ಪತ್ರಿಕೋದ್ಯಮದಂಥ ದಾರಿಗಳಿವೆ. ಆದರೆ ಅಲ್ಲಿ ಕೇಳುವುದು ವರದಿ ಬರೆಯಲು ಬರುತ್ತದೆಯೇ ಎಂದು. ಹಾಗಾಗಿ ಕೊನೆಯ ಸೆಮಿಸ್ಟರ್‌ನ ಕಿರುಪ್ರಬಂಧವನ್ನು ಹಳೆಯದೊಂದರಿಂದ ನಕಲು ಹೊಡೆಯುವವರು ಮೋಸ ಮಾಡುವುದು ಪರೀಕ್ಷಕರಿಗಲ್ಲ. ಯುಪಿಎಸ್‌ಸಿ ಮುಖ್ಯಪರೀಕ್ಷೆಯಲ್ಲಿ ಐಚ್ಛಿಕ ವಿಷಯಕ್ಕೆ 500 ಅಂಕಗಳಿವೆ ಎಂದು ಈ ಎಂ.ಎ.ಗೆ ಬರುವವರೂ ಇದ್ದಾರೆ. ಸಮಾಜಶಾಸ್ತ್ರವನ್ನು ಆಯ್ದುಕೊಳ್ಳಲು ಅಲ್ಲಿ ಆ ವಿಷಯದ ಎಂ.ಎ. ಬೇಕೆಂದೇನಿಲ್ಲ.

ಕನ್ನಡದಲ್ಲಿ ಉತ್ತರ ಬರೆದರೆ ನಡೆಯುತ್ತದೆಯೇ ಎಂದು ಹಳ್ಳಿಯಿಂದ ಬಂದವರು ಅಳುಕುತ್ತಲೇ ಕೇಳುತ್ತಾರೆ. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತದೆ. ಆದರೆ ಒಳ್ಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಸಮಾಜಶಾಸ್ತ್ರದ ನೆಟ್ ಪ್ರಶ್ನೆಪತ್ರಿಕೆ ಬರುವುದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಬರೆಯುವುದು ಕನ್ನಡದಲ್ಲೇ ಇರಲಿ, ದಿನಕ್ಕೆ ನಾಲ್ಕು ಪುಟ ಇಂಗ್ಲಿಷ್ ಓದುವ ಅಭ್ಯಾಸವನ್ನು ಮೊದಲ ಸೆಮಿಸ್ಟರ್‌ನಿಂದಲೇ ಹಿಡಿಯುವುದು ಒಳ್ಳೆಯದು.