ಚಾವಿ ತಿರುವಿದ್ರ ‘ಟಕ್’ ಅಂತೈತಿ, ಗಾಡಿ ಏಳವಲ್ದು!

ಸವಣೂರಿನ ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ಐದಾರು ತಿಂಗಳ ಹಿಂದೆ ಕಾರಿನ ಧಣಿಗಳಾದರು. ಹೊಸದಲ್ಲ, ಸೆಕೆಂಡ್ ಹ್ಯಾಂಡ್. ಹನ್ನೊಂದು ವರ್ಷದ ಪೆಟ್ರೋಲ್ ಗಾಡಿ. ಹೊರಗಿನಿಂದ ನೋಡಿದರೆ ಮದುಮಗನ ಕಳೆ. ಬೆಲೆ ಒಂದೂ ಮುಕ್ಕಾಲು ಲಕ್ಷ. ಅರ್ಧ ರೊಕ್ಕ ಗಲ್ಲೆಯಿಂದ, ಅರ್ಧ ಸೊಸೈಟಿ ಸಾಲದಿಂದ.

ಮೋಜಿಗೆಂದು ಕೊಂಡದ್ದಲ್ಲ. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ. ತಿಂಗಳಿಗೆರಡು ಸಲ ಹುಬ್ಬಳ್ಳಿ ದವಾಖಾನೆಗೆ ಕರೆದೊಯ್ಯಬೇಕು. ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಏರಲಾಗದು. ಅದಕ್ಕಾಗಿ ಈ ಕಾರು.

ಹದಿನೈದು ದಿನ ಗಾಡಿ ಮಾತು ಕೇಳಿತು. ಹದಿನಾರನೆಯ ದಿನ ಬೆಳಗಿನ ಐದು ಗಂಟೆಗೆ ತಾಯಿಯನ್ನು ಹಿಂದಿನ ಸೀಟಿನಲ್ಲಿ ಕೂಡ್ರಿಸಿ ಚಾವಿ ತಿರುವಿದರೆ ‘ಟಕ್’! ಅಷ್ಟೇ. ಮತ್ತೊಮ್ಮೆ ‘ಟಕ್’. ದೀಪ ಝಗಮಗ ಉರಿಯುತ್ತಿವೆ, ಹಾರ್ನ್ ಓಣಿ ಎಬ್ಬಿಸುತ್ತಿದೆ, ಎಂಜಿನ್ ಮಾತ್ರ ಏಳವಲ್ಲದು. ಹಾಲು ತರಲು ಹೊರಟ ನಾಲ್ಕು ಹುಡುಗರು ದೂಡಿದ ಮೇಲೆ ಚಾಲೂ ಆಯಿತು. ತಾಯಿ ಅಂದದ್ದು ಇಷ್ಟೇ: “ತಮ್ಮಾ, ದಾರ್ಯಾಗ ನಿಂತ್ರ ದೂಡಾಕ ಯಾರ್ ಬರ್ತಾರ? ಬಸ್ಸಿಗೇ ಹೋಗೂಣು ನಡಿ.”

ಅಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಅದೇ ಗಾಡಿ ಒಂದೇ ಏಟಿಗೆ ಚಾಲೂ. ಮರುದಿನ ಚಾಲೂ. ಅದರ ಮರುದಿನವೂ ಚಾಲೂ. ನಾಲ್ಕನೆಯ ದಿನ ಮತ್ತೆ ‘ಟಕ್’.

ಓದುಗ ಮಹಾಶಯರೇ, ಪೂರಾ ಕೆಟ್ಟ ಗಾಡಿಯನ್ನು ರಿಪೇರಿ ಮಾಡಬಹುದು. ಒಮ್ಮೆ ಕೆಟ್ಟು ಮೂರು ಸಲ ಸರಿಯಾಗಿರುವ ಗಾಡಿ ಮನುಷ್ಯನನ್ನೇ ರಿಪೇರಿಗೆ ತರುತ್ತದೆ. ಗ್ಯಾರೇಜಿಗೆ ಒಯ್ದರೆ ಶ್ಯಾಣ್ಯಾ ಹುಡುಗನಂತೆ ನಡೆದುಕೊಳ್ಳುತ್ತದೆ. “ಏನೂ ಆಗಿಲ್ಲಲ್ರಿ ಸಾಹುಕಾರ್ರ” ಎನ್ನಿಸಿಕೊಂಡು ಮನೆಗೆ ಬರುತ್ತದೆ, ಮನೆಯ ಮುಂದೆ ಮತ್ತೆ ಮುನಿಸಿಕೊಳ್ಳುತ್ತದೆ.

ಊಹೆಯ ರಿಪೇರಿ, ಖರೇ ಖರ್ಚು

ಮೊದಲ ಗ್ಯಾರೇಜಿನವರು “ಬ್ಯಾಟರಿ ಹೋಗೈತಿ” ಎಂದರು. ಹೊಸ ಬ್ಯಾಟರಿಗೆ 4,600 ರೂಪಾಯಿ. ಒಂದು ವಾರ ಸುಖ, ಎಂಟನೆಯ ದಿನ ‘ಟಕ್’. ಎರಡನೆಯವರು ಸೆಲ್ಫ್ ಬಿಚ್ಚಿ ಕಾರ್ಬನ್, ಬುಷ್ ಬದಲಿಸಿದರು. 2,200 ರೂಪಾಯಿ. ಮತ್ತೆ ‘ಟಕ್’. ಮೂರನೆಯವರು ತಲೆ ಕೆರೆದುಕೊಂಡು, “ಗಾಡಿಯ ಕಂಪ್ಯೂಟರ್ ಹೋಗಿರಬೇಕ್ರಿ, ಹದಿನೆಂಟು ಸಾವಿರ ಆಗತೈತಿ” ಎಂದರು. ಅಲ್ಲಿಗೆ ಸಾಹುಕಾರರು ಎದ್ದು ಬಂದರು. ಮನೆಯಲ್ಲಿ ಮಾತು ಬೆಳೆದಿತ್ತು. ತಾಯಿ ಆಗಲೇ ಎರಡು ಸಲ ಹುಬ್ಬಳ್ಳಿಯ ಸರದಿ ತಪ್ಪಿಸಿಕೊಂಡಿದ್ದರು.

ಯಾರೋ ಶಿಗ್ಗಾಂವಿಯ ಹಳೆಯ ಮಿಸ್ತ್ರಿಯೊಬ್ಬರ ಹೆಸರು ಹೇಳಿದರು. ಹೋದರು. ಆ ಮಿಸ್ತ್ರಿ ಬಾನೆಟ್ ಎತ್ತಲಿಲ್ಲ, ಪಾನಾ ಹಿಡಿಯಲಿಲ್ಲ. ಕೇಳಿದ್ದು ಬರೀ ಪ್ರಶ್ನೆ.

“ಯಾವಾಗ ಆಗತೈತ್ರಿ? ಬೆಳಿಗ್ಗೆ ತಣ್ಣಗಿದ್ದಾಗೋ, ಓಡಿ ಬಿಸಿ ಆದಾಗೋ? ಚಾವಿ ತಿರುವಿದಾಗ ದೀಪ ಮಂಕ್ ಆಗತಾವೋ, ಹಂಗ ಇರತಾವೋ? ಒಂದ ಟಕ್ಕೋ, ಟಕಟಕಟಕಾನೋ?”

ಸಾಹುಕಾರರ ಬಳಿ ಒಂದಕ್ಕೂ ಉತ್ತರವಿಲ್ಲ.

“ಅಂಗಡ್ಯಾಗ ಉದ್ರಿ ಖಾತೆ ಬರೀತೀರಿಲ್ರಿ, ಇದಕ್ಕೂ ಒಂದು ಖಾತೆ ತೆಗೀರಿ. ಆದ ದಿನ, ಆದ ಹೊತ್ತು, ದೀಪದ ಹಕೀಕತ್ತು ಬರೀರಿ. ನನ್ನ ಊರಿನ ಹತ್ರ ಆದ್ರ ದೂಡಬ್ಯಾಡ್ರಿ, ಮುಟ್ಟಬ್ಯಾಡ್ರಿ, ಫೋನ್ ಹಚ್ಚರಿ” ಎಂದು ಕಳಿಸಿದರು. ಫೀ ಕೇಳಲಿಲ್ಲ.

ಹತ್ತು ದಿನದ ಖಾತೆಯಲ್ಲಿ ನಾಲ್ಕು ಕಲಮು ಬಿದ್ದವು. ನಾಲ್ಕರಲ್ಲೂ ಒಂದೇ ಟಕ್. ನಾಲ್ಕರಲ್ಲೂ ದೀಪ ಮಂಕಾಗಿಲ್ಲ. ನಾಲ್ಕರಲ್ಲೂ ದೂಡಿದರೆ ಚಾಲೂ. ನಾಲ್ಕನೆಯದು ಆದದ್ದು ಶಿಗ್ಗಾಂವಿ ಬಸ್ ನಿಲ್ದಾಣದ ಸಮೀಪ. ಮಿಸ್ತ್ರಿ ಸೈಕಲ್ ಮೋಟಾರಿನ ಮೇಲೆ ಮೀಟರ್ ಹಿಡಿದು ಬಂದರು. ಮೀಟರಿನ ಒಂದು ತಂತಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಕಬ್ಬಿಣಕ್ಕೆ. “ಚಾವಿ ತಿರುವ್ರಿ” ಎಂದರು. ಅರ್ಧ ವೋಲ್ಟಿನೊಳಗೆ ಇರಬೇಕಾದ ಮುಳ್ಳು ಐದು ವೋಲ್ಟ್ ದಾಟಿತು. ಕಳ್ಳ ಸಿಕ್ಕಿಬಿದ್ದ.

ಗಾಡಿಯ ಬಾಡಿಗೂ ಎಂಜಿನ್ನಿಗೂ ನಡುವೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ, ಅರ್ಥಿಂಗ್ ಪಟ್ಟಿ. ಅದರ ಎಳೆ ಅರ್ಧಕ್ಕರ್ಧ ಹರಿದಿದ್ದವು. ಬೋಲ್ಟಿನ ಕೆಳಗೆ ಹಸಿರು ಕಿಲುಬು. ಹೊಸ ಪಟ್ಟಿಗೆ 180 ರೂಪಾಯಿ, ಕೂಲಿ 200. ಅಂದಿನಿಂದ ಇಂದಿನವರೆಗೆ ಗಾಡಿ ಒಮ್ಮೆಯೂ ಕೈಕೊಟ್ಟಿಲ್ಲ. ಹಳೆಯ ಬ್ಯಾಟರಿಯೂ ಚೆನ್ನಾಗಿತ್ತು, ಹಳೆಯ ಸೆಲ್ಫೂ ಚೆನ್ನಾಗಿತ್ತು. 6,800 ರೂಪಾಯಿ ನೀರಿಗೆ ಬಿದ್ದಂತಾಯಿತು.

ದೀಪ ಉರಿದರೂ ಸೆಲ್ಫ್ ಏಕೆ ತಿರುಗದು?

ಬಹಳ ಜನ ಮೋಸ ಹೋಗುವುದು ಇಲ್ಲಿಯೇ. “ದೀಪ ಉರೀತೈತಿ ಅಂದ್ರ ಕರೆಂಟ್ ಐತಲ್ಲ” ಎನ್ನುತ್ತಾರೆ. ಎರಡು ಹೆಡ್‌ಲೈಟ್ ಕೂಡಿ ಎಳೆಯುವುದು ಸುಮಾರು 10 ಆಂಪಿಯರ್. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಎಳೆಯುವುದು 100ರಿಂದ 200. ಹನಿ ನೀರಾವರಿ ಪೈಪಿನಲ್ಲಿ ಗಿಡಕ್ಕೆ ನೀರು ಬರುತ್ತದೆ, ಅದೇ ಪೈಪಿನಿಂದ ಕೆರೆ ತುಂಬಿಸಲಾದೀತೆ?

ಲೆಕ್ಕ ನೋಡಿ. ಕಿಲುಬು ಹಿಡಿದ ಜಾಗದಲ್ಲಿ ಅಡ್ಡಿ ಬರೀ 0.04 ಓಮ್ ಇದೆ ಎನ್ನೋಣ. ಅದರ ಮೂಲಕ 10 ಆಂಪಿಯರ್ ಹೋದರೆ ಸೋರುವುದು ಅರ್ಧ ವೋಲ್ಟಿಗಿಂತ ಕಡಿಮೆ. ದೀಪಕ್ಕೆ ಗೊತ್ತೇ ಆಗದು. 150 ಆಂಪಿಯರ್ ಹೋಗಬೇಕಾದರೆ 6 ವೋಲ್ಟ್ ಅಲ್ಲಿಯೇ ಸೋರಬೇಕು. ಇರುವುದೇ 12 ವೋಲ್ಟಿನ ಬ್ಯಾಟರಿ. ಹಾಗಾಗಿ ಅಷ್ಟು ಕರೆಂಟು ಹರಿಯುವುದೇ ಇಲ್ಲ. ಸೆಲ್ಫಿನ ಮೇಲಿನ ಸ್ವಿಚ್ಚು ‘ಟಕ್’ ಎಂದು ಕೂಡುತ್ತದೆ, ಸೆಲ್ಫ್ ತಿರುಗುವುದಿಲ್ಲ. ಕೆಟ್ಟ ರಸ್ತೆಯ ಕುಲುಕಾಟ, ಬಿಸಿಗೆ ಹಿಗ್ಗುವುದು, ರಾತ್ರಿಯ ತೇವ, ಇವುಗಳಿಂದ ಆ ಕೂಡಿಕೆ ಒಮ್ಮೆ ಹತ್ತುತ್ತದೆ, ಒಮ್ಮೆ ಬಿಡುತ್ತದೆ. ಅದಕ್ಕೇ ಈ ಒಂದಿನ ಛಲೋ, ಒಂದಿನ ಹೊಲಸು.

ಇದೇ ಸೆಲ್ಫ್ ಅನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1911ರಲ್ಲಿ ರೂಪಿಸಿದ್ದು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಬಂತು. ಅದಕ್ಕೂ ಮೊದಲು ಎಲ್ಲ ಹ್ಯಾಂಡಲ್. ನಮ್ಮ ಕಡೆ ಹಳೆಯ ಜೀಪು, ಅಂಬಾಸಿಡರುಗಳಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುವಿದ್ದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರಿಗೆ ಹ್ಯಾಂಡಲ್ ಇಲ್ಲ. ಇರುವುದು ನೆರೆಹೊರೆಯವರ ತೋಳು ಮಾತ್ರ.

ನಾಲ್ಕು ತಾಲೂಕು, ನಾಲ್ಕು ನಮೂನೆ

ಸವಣೂರಿನ ಕಥೆ ಕೇಳಿದಿರಿ. ಹಾನಗಲ್ಲಿನ ಕಡೆ ಮಾತು ಬೇರೆ. ಅದು ಮಲೆನಾಡಿನ ಸೆರಗು, ಮಳೆ ಹೆಚ್ಚು. ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತರೆ ಕಿಡಿ ದಾರಿ ತಪ್ಪುತ್ತದೆ. ಸೆಲ್ಫ್ ಜೋರಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಒಣ ಅರಿವೆಯಿಂದ ಮುಚ್ಚಳ, ಪ್ಲಗ್ ವೈರು ಒರೆಸಿದರೆ ಎಷ್ಟೋ ಸಲ ಚಾಲೂ. ಇನ್ನೊಂದು ಬಾಧೆ ಇಲಿ. ಭತ್ತದ ಚೀಲದ ಪಕ್ಕದಲ್ಲಿ ಗಾಡಿ ನಿಲ್ಲಿಸಿದರೆ ಇಲಿ ವೈರಿಗೂ ಹಲ್ಲು ಹಚ್ಚುತ್ತದೆ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ಲೇಸು.

ಶಿಗ್ಗಾಂವಿಯದು ಹೆದ್ದಾರಿಯ ರೋಗ. ಹುಬ್ಬಳ್ಳಿಯಿಂದ ಓಡಿಸಿಕೊಂಡು ಬಂದು ಚಹಾಕ್ಕೆ ನಿಲ್ಲಿಸಿದ ಗಾಡಿ ಹತ್ತು ನಿಮಿಷಕ್ಕೆ ಚಾಲೂ ಆಗದು, ಅರ್ಧ ತಾಸು ಬಿಟ್ಟರೆ ತಾನಾಗಿಯೇ ಆಗುತ್ತದೆ. ಕಾರ್ಬುರೇಟರ್ ಗಾಡಿಯಾದರೆ ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿರಬಹುದು. ಇಂಜೆಕ್ಷನ್ ಗಾಡಿಯಾದರೆ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸಾರಿನ ಮೇಲೆ. ಎಂಜಿನ್ ತಿರುಗುತ್ತಿದೆ ಎಂದು ಕಂಪ್ಯೂಟರಿಗೆ ಹೇಳುವುದು ಅದೇ. ಬಿಸಿಗೆ ಅದು ಮೂಕಾದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ತಣ್ಣಗಾದರೆ ಮತ್ತೆ ಬಾಯಿ ಬಿಡುತ್ತದೆ.

ಹಿರೇಕೆರೂರಿನ ಹಳ್ಳಿಗಳಲ್ಲಿ ಡೀಸೆಲ್ ಗಾಡಿ, ಜೀಪು ಬಹಳ. ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಒಮ್ಮೆ ಎದ್ದರೆ ದಿನವಿಡೀ ತಕರಾರಿಲ್ಲ ಎಂದರೆ ಎರಡು ಜಾಗ ನೋಡಬೇಕು: ಹೀಟರ್ ಪ್ಲಗ್ಗು ಮತ್ತು ಡೀಸೆಲ್ ಪೈಪು. ಪೈಪಿನ ಸಣ್ಣ ಬಿರುಕಿನಿಂದ ಗಾಳಿ ಹೊಕ್ಕರೆ ರಾತ್ರಿ ಡೀಸೆಲ್ ಟಾಕಿಗೆ ಇಳಿದುಹೋಗುತ್ತದೆ. ಫಿಲ್ಟರಿನಲ್ಲಿ ನೀರು ಕೂತರೂ ಹೀಗೆಯೇ. ಮತ್ತೆ ಆ ಭಾರಿ ಸೌಂಡಿನ ಟೇಪು, ಬಣ್ಣದ ಲೈಟು! ಅಡ್ಡಾದಿಡ್ಡಿ ಜೋಡಿಸಿದ ವೈರು ಚಾವಿ ತೆಗೆದ ಮೇಲೂ ಬ್ಯಾಟರಿ ನೆಕ್ಕುತ್ತಿರುತ್ತದೆ. ಎಲ್ಲ ಬಂದಾದಾಗ ಎಳೆತ 50 ಮಿಲಿ ಆಂಪಿಯರಿನೊಳಗೆ ಇರಬೇಕು.

ಕಿವಿಗೊಟ್ಟು ಕೇಳಿ

ಒಂದೇ ‘ಟಕ್’, ದೀಪ ಮಂಕಾಗಿಲ್ಲ: ಅರ್ಥಿಂಗ್ ಪಟ್ಟಿ, ಸೆಲ್ಫಿನ ದಪ್ಪ ಕೇಬಲ್, ಸೆಲ್ಫಿನ ಸ್ವಿಚ್ಚು ನೋಡಿಸಿ. ‘ಟಕಟಕಟಕ’, ದೀಪ ಮಂಕು: ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲ. ಪೂರಾ ಮೌನ: ಚಾವಿಯ ಸ್ವಿಚ್ಚು, ಫ್ಯೂಜು, ರಿಲೇ. ಸೆಲ್ಫ್ ತಿರುಗಿ ಎಂಜಿನ್ ಹಿಡಿಯದಿದ್ದರೆ ಬ್ಯಾಟರಿ ಬದಲಿಸುವವರಿಗೆ ಕೈಮುಗಿದು ಬನ್ನಿ. ತಪ್ಪು ಪೆಟ್ರೋಲಿನಲ್ಲಿ ಅಥವಾ ಕಿಡಿಯಲ್ಲಿದೆ. ಇಂಜೆಕ್ಷನ್ ಗಾಡಿಯಲ್ಲಿ ಚಾವಿ ಆನ್ ಮಾಡಿದಾಗ ಹಿಂದಿನಿಂದ ಒಂದೆರಡು ಸೆಕೆಂಡು ಪಂಪು ‘ಗುಂಯ್’ ಎನ್ನಬೇಕು. ಮೀಟರ್ ಹಲಗೆಯ ಮೇಲೆ ಚಾವಿಯ ಚಿತ್ರದ ದೀಪ ಮಿಣಮಿಣ ಎನ್ನುತ್ತಿದ್ದರೆ ಗಾಡಿ ನಿಮ್ಮ ಚಾವಿಯನ್ನು ಗುರುತಿಸಿಲ್ಲ. ಎರಡನೆಯ ಚಾವಿ ಹಾಕಿ ನೋಡಿ.

ಬ್ಯಾಟರಿಯ ಲೆಕ್ಕವೂ ಸುಲಭ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಹೊಟ್ಟೆ ತುಂಬಿದೆ, 12.2 ಎಂದರೆ ಅರ್ಧ ಹೊಟ್ಟೆ, 12ಕ್ಕಿಂತ ಕೆಳಗೆ ಉಪವಾಸ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಇರಬೇಕು, ಇಲ್ಲದಿದ್ದರೆ ಚಾರ್ಜಿಂಗ್ ಇಲ್ಲ, ಹೊಸ ಬ್ಯಾಟರಿ ಹಾಕಿದರೂ ಅದೇ ಹಾಡು. ಮೀಟರ್ ಐದುನೂರರೊಳಗೆ ಸಿಗುತ್ತದೆ. ಒಂದು ಎಚ್ಚರಿಕೆ: ಬ್ಯಾಟರಿಯಿಂದ ಹೊರಡುವ ಗಾಳಿ ಬೆಂಕಿ ಹಿಡಿಯುವಂಥದು. ಬೀಡಿ ಕಚ್ಚಿಕೊಂಡು ಬಗ್ಗಿ ನೋಡಬೇಡಿ.

ಹೆದ್ದಾರಿಯಲ್ಲಿ ನಿಂತರೆ ಗಾಡಿಯನ್ನು ಅಂಚಿಗೆ ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಜನರನ್ನು ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033. ಕತ್ತಲಲ್ಲಿ ಹೆದ್ದಾರಿ ಮೇಲೆ ಗಾಡಿ ದೂಡುವುದು ಜೀವಕ್ಕೆ ಎರವು.

ಕೊಳ್ಳುವ ಮೊದಲು

ನಮ್ಮ ಸಾಹುಕಾರರು ಗಾಡಿ ನೋಡಲು ಹೋದಾಗ ಮಾರುವವರು ಅದನ್ನು ಮೊದಲೇ ಚಾಲೂ ಮಾಡಿ ಬಿಸಿ ಮಾಡಿಟ್ಟಿದ್ದರಂತೆ. ‘ಎಷ್ಟು ಮರ್ಯಾದಿ’ ಎಂದುಕೊಂಡರು ಇವರು! ಗಾಡಿ ನೋಡುವುದಾದರೆ ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಬಾನೆಟ್ ಮುಟ್ಟಿ ನೋಡಿ, ತಣ್ಣಗಿರಬೇಕು. ಚಾವಿ ನೀವೇ ತಿರುವಿ. ಅರ್ಧ ತಾಸು ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ತಿರುವಿ. ಎರಡೂ ಚಾವಿ ಕೇಳಿ. ಬ್ಯಾಟರಿಯ ಗ್ಯಾರಂಟಿ ಕಾರ್ಡು ಕೇಳಿ. ಹೊಸ ಬ್ಯಾಟರಿ ಕಂಡರೆ ಹಿಗ್ಗಬೇಡಿ, “ಯಾಕ ಬದಲಿಸಿದ್ರಿ?” ಎಂದು ಕೇಳಿ.

ಕಾಗದದ ಮಾತೂ ಇದೆ. 2023ರ ಏಪ್ರಿಲ್ 1ರಿಂದ ಹಳೆಯ ಗಾಡಿ ಮಾರುವ ವ್ಯಾಪಾರಿಗಳು ಆರ್‌ಟಿಓ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ಕೇಂದ್ರದ ನಿಯಮ ಜಾರಿಯಲ್ಲಿದೆ. ಇಸಾರ ಕೊಡುವ ಮೊದಲು ಅದನ್ನು ತೋರಿಸಲು ಹೇಳಿ. ನಮೂನೆ 29 ಮತ್ತು 30ಕ್ಕೆ ಸಹಿಯಾಗದೆ ಪೂರ್ತಿ ರೊಕ್ಕ ಕೊಡಬೇಡಿ. ‘ಚಾಲೂ ಆಗುವಲ್ಲಿ ದೋಷವಿಲ್ಲ, ಒಂದು ತಿಂಗಳೊಳಗೆ ಬಂದರೆ ನಮ್ಮ ಹೊಣೆ’ ಎಂದು ಎರಡು ಸಾಲು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅದೂ ಒಂದು ಉತ್ತರವೇ. ವ್ಯಾಪಾರಿ ದೋಷ ಮುಚ್ಚಿಟ್ಟು ಮಾರಿದ್ದಕ್ಕೆ ಪುರಾವೆ ಇದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು; ಐದು ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ಬರೆದಿಟ್ಟ ಖಾತೆ, ಗ್ಯಾರೇಜಿನ ರಸೀದಿ ಅಲ್ಲಿ ಕೆಲಸಕ್ಕೆ ಬರುತ್ತವೆ. ಬಾಯಿಮಾತು ಬರುವುದಿಲ್ಲ.

ಗ್ಯಾರೇಜಿನ ಅಣ್ಣಂದಿರಿಗೂ ಒಂದು ವಿನಂತಿ. ಸಾಮಾನು ಬದಲಿಸುವ ಮೊದಲು ಅಳೆದು ತೋರಿಸಿರಿ. ಗೊತ್ತಾಗದಿದ್ದರೆ “ಗೊತ್ತಾಗವಲ್ದು, ಎಂಟು ದಿನ ನೋಡೂಣು” ಎನ್ನಿರಿ. ಹಾಗೆಂದ ಶಿಗ್ಗಾಂವಿಯ ಮಿಸ್ತ್ರಿಯ ಹತ್ತಿರ ಈಗ ಸವಣೂರಿನ ಆರು ಗಾಡಿಗಳು ಹೋಗುತ್ತಿವೆ.

ಸಾಹುಕಾರರ ತಾಯಿ ಈಗ ಕಾರಿನಲ್ಲೇ ಹುಬ್ಬಳ್ಳಿಗೆ ಹೋಗಿಬರುತ್ತಾರೆ. ಆದರೆ ಚೀಲದಲ್ಲಿ ಬಸ್ ಚಾರ್ಜು ಇಟ್ಟುಕೊಳ್ಳುವುದನ್ನು ಇನ್ನೂ ಬಿಟ್ಟಿಲ್ಲ. ಮಗ ಕೇಳಿದ್ದಕ್ಕೆ, “ಇರ್ಲಿ ಬಿಡೋ ತಮ್ಮಾ, ಅದೇನ್ ಹೊಟ್ಟಿಗಿ ಅನ್ನ ಕೇಳತೈತೇನು?” ಅಂದರಂತೆ.